ಅಯಸ್ಕಾಂತವೂ ವಿದ್ಯುತ್ತೂ



ಒಬ್ಬರ ಮಾತಿಗೋ ಹಾಡಿಗೋ ಜನರು ತಾವಾಗಿಯೇ ಒಲಿದು ಬಂದರೆ ಅವರು ಸೂಜಿಗಲ್ಲಿನಂತೆ ಸೆಳೆದರು ಎನ್ನುವುದು ನಮ್ಮಲ್ಲಿ ವಾಡಿಕೆ. ಈ ಮಾತನ್ನಾಡುವವರಲ್ಲಿ ಸೂಜಿಗಲ್ಲನ್ನು ಕಣ್ಣಾರೆ ಕಂಡವರು ಬಹು ವಿರಳ. ಅದೊಂದು ಕಪ್ಪುಬಣ್ಣದ ಕಬ್ಬಿಣದ ಅದಿರು. ಖನಿಜಶಾಸ್ತ್ರದಲ್ಲಿ ಅದಕ್ಕೆ ಮ್ಯಾಗ್ನಟೈಟ್ ಎಂದು ಹೆಸರು. ಆ ಅದಿರಿನ ಎಲ್ಲ ತುಂಡುಗಳಿಗೂ ಅಲ್ಲ, ಕೆಲವಕ್ಕೆ ಮಾತ್ರ, ನೆಲದಿಂದ ತೆಗೆದಾಗಲೇ ಸೂಜಿಯನ್ನು ಸೆಳೆಯುವ ಗುಣವಿರುವುದು. ಸಂಸ್ಕೃತದಲ್ಲಿ ಇದೇ ಅಯಸ್ಕಾಂತ, ಕಬ್ಬಿಣಕ್ಕೆ ಪ್ರಿಯವಾದದ್ದು. ಕಾಳಿದಾಸನು ಕುಮಾರಸಂಭವದಲ್ಲಿ ಶಿವನ ಮನಸ್ಸನ್ನು ಉಮೆಯ ಕಡೆಗೆ ಸೆಳೆಯಬೇಕೆಂದು ಬ್ರಹ್ಮನಿಂದ ದೇವತೆಗಳಿಗೆ ಹೇಳಿಸುವಾಗ ಈ ಹೋಲಿಕೆಯನ್ನೇ ತಂದಿದ್ದಾನೆ. ವೈಶೇಷಿಕ ಸೂತ್ರಕಾರನಾದ ಕಣಾದನು, ಸೂಜಿಯು ಕಲ್ಲಿನ ಕಡೆಗೆ ಸರಿಯುವುದಕ್ಕೆ ‘ಅದೃಷ್ಟ’ವು ಕಾರಣವೆಂದು ಹೇಳಿರುವನು. ಇಲ್ಲಿ ಅದೃಷ್ಟವೆಂದರೆ ನಾವು ದಿನಬಳಕೆಯಲ್ಲಿ ಹೇಳುವ ಭಾಗ್ಯವಲ್ಲ. ಕಾಣದಿರುವುದು ಎಂದು ಅರ್ಥ. ಕಾಣದ್ದನ್ನು ಕಾಣದೆಂದೇ ಹೇಳಿದ ಆ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚಿಗೆಯಾದದ್ದು.

ಪ್ರೌಢಶಾಲೆಯನ್ನು ದಾಟಿ ಬಂದವರೆಲ್ಲರೂ ಅಯಸ್ಕಾಂತದ ಪಾಠವನ್ನು ಒಮ್ಮೆ ಓದಿಯೇ ಇರುತ್ತಾರೆ. ಅದರಲ್ಲಿ ಉಳಿದಿರುವುದೇನೆಂದು ವಿಚಾರಿಸಿದರೆ, ಸಜಾತೀಯ ಧ್ರುವಗಳು ಒಂದನ್ನೊಂದು ದೂಡುವುವು, ವಿಜಾತೀಯ ಧ್ರುವಗಳು ಸೆಳೆಯುವುವು ಎಂಬ ಒಂದು ವಾಕ್ಯ. ಅದರ ಹಿಂದೆಯೇ ಎಡಗೈಯ ನಿಯಮ, ಬಲಗೈಯ ನಿಯಮ ಎಂದು ಬೆರಳುಗಳನ್ನು ಅಡ್ಡಡ್ಡಲಾಗಿ ಚಾಚಿಕೊಂಡು ಪರೀಕ್ಷೆಯ ಕೊಠಡಿಯಲ್ಲಿ ಕುಳಿತಿದ್ದ ನೆನಪು. ಅಯಸ್ಕಾಂತಕ್ಕೂ ಮನೆಯ ದೀಪಕ್ಕೂ ಇರುವ ಸಂಬಂಧವೇನು, ಅಯಸ್ಕಾಂತವೊಂದನ್ನು ತಂತಿಯ ಪಕ್ಕದಲ್ಲಿಟ್ಟರೆ ದೀಪ ಹತ್ತದಿರುವುದೇಕೆ ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಇದು ವಿದ್ಯಾರ್ಥಿಯ ದೋಷವಲ್ಲ. ಒಂದು ಅಧ್ಯಾಯದಿಂದ ಮತ್ತೊಂದಕ್ಕೆ ಹೋಗುವ ದಾರಿಯನ್ನು ಅವನಿಗೆ ಯಾರೂ ತೋರಿಸಲಿಲ್ಲ. ಆ ದಾರಿಯಲ್ಲಿ ತಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕೆಂಬುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲು ಒಂದು ಹೊಲಿಗೆಯ ಸೂಜಿಯನ್ನು ತೆಗೆದುಕೊಳ್ಳೋಣ. ಯಾವುದಾದರೊಂದು ಅಯಸ್ಕಾಂತದ ಒಂದು ತುದಿಯಿಂದ ಅದನ್ನು ಬುಡದಿಂದ ಮೊನೆಯವರೆಗೆ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಮೂವತ್ತು ಸಾರಿ ಸವರಬೇಕು. ಪ್ರತಿಸಾರಿಯೂ ಕೈಯನ್ನು ಮೇಲೆತ್ತಿ ಮತ್ತೆ ಬುಡದಿಂದಲೇ ಆರಂಭಿಸಬೇಕು, ಹಿಂದಕ್ಕೂ ಮುಂದಕ್ಕೂ ಉಜ್ಜಬಾರದು. ಒಂದು ಬಟ್ಟಲಲ್ಲಿ ನೀರು ತುಂಬಿ, ಅದರ ಮೇಲೊಂದು ಎಲೆಯ ಚೂರನ್ನು ತೇಲಿಬಿಟ್ಟು, ಸೂಜಿಯನ್ನು ಅದರ ಮೇಲಿಟ್ಟರೆ ಎಲೆಯು ಮೆಲ್ಲನೆ ತಿರುಗಿ ಸೂಜಿಯು ತೆಂಕಣ ಬಡಗಣವಾಗಿ ನಿಲ್ಲುವುದು. ಬೆರಳಿನಿಂದ ಬೇರೆ ಕಡೆಗೆ ತಿರುಗಿಸಿದರೂ ಅದು ಮತ್ತೆ ತನ್ನ ಸ್ಥಾನಕ್ಕೇ ಬರುವುದು. ಬಟ್ಟಲು ಕಬ್ಬಿಣದ್ದಾಗಿರಕೂಡದೆಂಬುದನ್ನು ಮಾತ್ರ ಮರೆಯಬಾರದು.

ಈಗ ಆ ಸೂಜಿಯನ್ನು ನಡುವೆ ಮುರಿದುಬಿಟ್ಟರೆ ಏನಾಗಬೇಕು? ಒಂದು ತುಂಡಿನಲ್ಲಿ ಉತ್ತರ ಧ್ರುವವೂ ಮತ್ತೊಂದರಲ್ಲಿ ದಕ್ಷಿಣ ಧ್ರುವವೂ ಉಳಿಯಬೇಕೆಂದು ತೋರುವುದು ಸಹಜ. ಹಾಗಾಗುವುದಿಲ್ಲ. ಎರಡು ತುಂಡುಗಳೂ ಎರಡೆರಡು ಧ್ರುವಗಳುಳ್ಳ ಪೂರ್ಣ ಅಯಸ್ಕಾಂತಗಳೇ ಆಗಿರುತ್ತವೆ. ಎಷ್ಟು ಸಾರಿ ಮುರಿದರೂ ಹೀಗೆಯೇ. ಒಂಟಿ ಧ್ರುವವನ್ನು ಇದುವರೆಗೆ ಯಾರೂ ಹಿಡಿದು ತೋರಿಸಿಲ್ಲ. ಇದರಿಂದ, ಧ್ರುವವೆಂಬುದು ಸೂಜಿಯ ತುದಿಗೆ ಮೆತ್ತಿಕೊಂಡ ಒಂದು ಪದಾರ್ಥವಲ್ಲವೆಂದು ತಿಳಿಯುವುದು. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಸವರದ ಸೂಜಿಯಲ್ಲಿ ಇವು ಗುಂಪುಗುಂಪಾಗಿ ಒಂದೊಂದು ಗುಂಪು ಒಂದೊಂದು ಕಡೆಗೆ ಮುಖಮಾಡಿಕೊಂಡಿರುವುದರಿಂದ ಒಂದರ ಪ್ರಭಾವವನ್ನು ಮತ್ತೊಂದು ಅಳಿಸಿಬಿಡುವುದು. ಸವರಿದಾಗ ಒಂದೇ ಕಡೆಗೆ ಮುಖವಾಗಿರುವ ಗುಂಪುಗಳು ಹೆಚ್ಚುವುವು. ಕಬ್ಬಿಣವನ್ನು ಸುಮಾರು ೭೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕೆಂಪಗೆ ಕಾಸಿದರೆ ಈ ಏರ್ಪಾಡು ಪೂರ್ತಿಯಾಗಿ ಕದಡಿಹೋಗುವುದು. ಆಮೇಲೆ ಅದು ಬರಿಯ ಕಬ್ಬಿಣ.

ಸೂಜಿಯು ಉತ್ತರವನ್ನೇ ಏಕೆ ನೋಡಬೇಕು? ಧ್ರುವನಕ್ಷತ್ರವು ಸೆಳೆಯುವುದೆಂದು ಹಿಂದೆ ಕೆಲವರು ನಂಬಿದ್ದರು. ೧೬೦೦ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಎಂಬ ವೈದ್ಯನು ಸೂಜಿಗಲ್ಲಿನಿಂದ ಒಂದು ಗುಂಡನ್ನು ಕಡೆಸಿ, ಅದರ ಮೇಲೆ ಸಣ್ಣ ಸೂಜಿಗಳನ್ನು ನಡೆಯಿಸಿ ನೋಡಿ, ನಾವು ನಿಂತಿರುವ ಈ ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ಪ್ರಕಟಿಸಿದನು. ಇಲ್ಲಿ ಬುದ್ಧಿವಂತ ಹುಡುಗನು ಕೇಳಿಯೇ ಕೇಳುವ ಪ್ರಶ್ನೆಯೊಂದುಂಟು: ವಿಜಾತೀಯಗಳು ತಾನೆ ಸೆಳೆಯುವುದು, ಸೂಜಿಯ ಉತ್ತರ ಧ್ರುವವು ಭೂಮಿಯ ಉತ್ತರದ ಕಡೆಗೆ ಹೋಗುವುದು ಹೇಗೆ? ಪ್ರಶ್ನೆ ಸರಿಯಾದುದೇ. ಭೂಮಿಯ ಉತ್ತರದಲ್ಲಿರುವುದು, ಅಯಸ್ಕಾಂತದ ಲೆಕ್ಕದಲ್ಲಿ, ದಕ್ಷಿಣ ಜಾತಿಯ ಧ್ರುವ. ಸೂಜಿಯ ತುದಿಗೆ ‘ಉತ್ತರ’ವೆಂದು ಹೆಸರಿಟ್ಟದ್ದು ಅದು ಉತ್ತರವನ್ನು ಅರಸುವುದೆಂಬ ಕಾರಣದಿಂದ. ಅದನ್ನು ಉತ್ತರಮುಖಿ ಎಂದು ಕರೆದಿದ್ದರೆ ಎಷ್ಟೋ ತಲೆಮಾರುಗಳ ಮಕ್ಕಳಿಗೆ ಈ ತೊಡಕು ತಪ್ಪುತ್ತಿತ್ತು.

ಸೂಜಿಯನ್ನು ನೆಲಕ್ಕೆ ಸಮನಾಗಿ ಮಾತ್ರವಲ್ಲದೆ ಮೇಲೆ ಕೆಳಗೂ ಓಲಾಡುವಂತೆ ತೂಗಿಬಿಟ್ಟರೆ ಅದರ ಉತ್ತರದ ತುದಿಯು ಲಂಡನ್ನಿನಲ್ಲಿ ಅರುವತ್ತು ಡಿಗ್ರಿಗೂ ಹೆಚ್ಚಾಗಿ ನೆಲದ ಕಡೆಗೆ ಬಾಗುವುದು. ನಮ್ಮ ದಕ್ಷಿಣ ದೇಶದಲ್ಲಿ ಈ ಬಾಗು ಬಹಳ ಸ್ವಲ್ಪ; ಏಕೆಂದರೆ, ಸೂಜಿಯು ಎಳ್ಳಷ್ಟೂ ಬಾಗದೆ ನಿಲ್ಲುವ ಸ್ಥಳಗಳನ್ನು ಸೇರಿಸುವ ರೇಖೆ, ಎಂದರೆ ಅಯಸ್ಕಾಂತೀಯ ಸಮಭಾಜಕವು, ಭಾರತದ ತೆಂಕಣ ತುದಿಯ ಮೇಲೆಯೇ ಹಾದುಹೋಗುವುದು. ಈ ಅನುಕೂಲವನ್ನು ಬಲ್ಲವರು ಬಳಸಿಕೊಂಡರು. ತಿರುವಾಂಕೂರಿನ ಮಹಾರಾಜರಾಗಿದ್ದ ಸ್ವಾತಿ ತಿರುನಾಳರು ೧೮೩೭ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿಸಿದ ವೀಕ್ಷಣಾಲಯಕ್ಕೆ ೧೮೫೨ರಲ್ಲಿ ಮುಖ್ಯಸ್ಥನಾಗಿ ಬಂದ ಜಾನ್ ಅಲನ್ ಬ್ರೌನನು, ಅಲ್ಲಿ ಮಾತ್ರವಲ್ಲದೆ ಕಾಡಿನ ನಡುವಣ ಅಗಸ್ತ್ಯಮಲೆಯ ಶಿಖರದ ಮೇಲೂ ಕಾಂತಸೂಜಿಗಳನ್ನಿಟ್ಟು, ಅವು ದಿನದಿನಕ್ಕೂ ಗಳಿಗೆಗಳಿಗೆಗೂ ಎಷ್ಟೆಷ್ಟು ಅಲುಗುವುವೆಂಬುದನ್ನು ವರ್ಷಗಟ್ಟಲೆ ಬರೆಯಿಸಿ ಪ್ರಕಟಿಸಿದನು. ದೇಶೀಯ ಸಂಸ್ಥಾನವೊಂದರ ಬೊಕ್ಕಸದಿಂದ ನಡೆದ ಇಂತಹ ಶುದ್ಧ ಶಾಸ್ತ್ರಕಾರ್ಯವನ್ನು ನಮ್ಮ ಪಠ್ಯಪುಸ್ತಕಗಳು ಸ್ಮರಿಸಿದ್ದರೆ ಚೆನ್ನಾಗಿತ್ತು.

ಮುಂಬಯಿಯ ಕೊಲಾಬದಲ್ಲಿಯೂ ಇಂತಹದೊಂದು ವೀಕ್ಷಣಾಲಯವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರದ ಕುದುರೆ ಟ್ರಾಮುಗಳನ್ನು ತೆಗೆದು ವಿದ್ಯುತ್ ಟ್ರಾಮುಗಳನ್ನು ಓಡಿಸುವುದೆಂದು ನಿಶ್ಚಯವಾಯಿತು. ಒಡನೆಯೇ ಸೂಜಿಗಳನ್ನು ಅಲ್ಲಿಂದ ಎತ್ತಿಕೊಂಡು ಹೋಗಬೇಕಾಯಿತು. ೧೯೦೪ರಲ್ಲಿ ಕೊಲ್ಲಿಯ ಆಚೆಗಿರುವ ಆಲಿಬಾಗಿನಲ್ಲಿ ಹೊಸ ವೀಕ್ಷಣಾಲಯವು ಆರಂಭವಾಯಿತು. ಅದರ ಕಟ್ಟಡಕ್ಕೆ ಸೂಜಿಯನ್ನು ಕದಲಿಸದ ಕಲ್ಲನ್ನೇ ಆರಿಸಿ ಹಾಕಿದರು. ಟ್ರಾಮಿನಲ್ಲಿ ಓಡುವುದು ವಿದ್ಯುತ್ತು, ವೀಕ್ಷಣಾಲಯದಲ್ಲಿರುವುದು ಅಯಸ್ಕಾಂತ. ಅದಕ್ಕೆ ಅಂಜಿ ಇದು ಊರು ಬಿಡಬೇಕಾದುದೇಕೆ? ಇದಕ್ಕೆ ಉತ್ತರ ಬೇಕಾದರೆ ಇನ್ನೂ ಎಂಬತ್ತು ವರ್ಷ ಹಿಂದಕ್ಕೆ, ಡೆನ್ಮಾರ್ಕಿನ ರಾಜಧಾನಿಗೆ ಹೋಗಬೇಕು.

೧೮೦೦ರಲ್ಲಿ ಇಟಲಿಯ ವೋಲ್ಟನು ಬ್ಯಾಟರಿಯನ್ನು ಕಂಡುಹಿಡಿದಿದ್ದನು. ಅದುವರೆಗೆ ಕಿಡಿಯಾಗಿ ಹಾರಿ ಮಾಯವಾಗುತ್ತಿದ್ದ ವಿದ್ಯುತ್ತು, ಅಂದಿನಿಂದ ತಂತಿಯಲ್ಲಿ ಎಡೆಬಿಡದೆ ಹರಿಯುವ ಪ್ರವಾಹವಾಗಿ ಕೈಗೆ ದೊರಕಿತು. ೧೮೨೦ರ ವಸಂತದಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪ್ರೊಫೆಸರ್ ಅರ್‌ಸ್ಟೆಡನು ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ಮಾಡುತ್ತ, ಪ್ರವಾಹವು ಹರಿಯುತ್ತಿದ್ದ ತಂತಿಯ ಬಳಿ ಒಂದು ಕಾಂತಸೂಜಿಯನ್ನು ಹಿಡಿದನು. ಸೂಜಿಯು ಕದಲಿತು. ಸಭೆಯಲ್ಲಿದ್ದವರಿಗೆ ಅದು ದೊಡ್ಡ ಸಂಗತಿಯಾಗಿ ತೋರಲಿಲ್ಲ. ಆ ಚಲನೆ ಅಷ್ಟು ದುರ್ಬಲವಾಗಿತ್ತು. ಅರ್‌ಸ್ಟೆಡನು ಮುಂದೆ ದೊಡ್ಡ ಬ್ಯಾಟರಿಯಿಂದ ಮತ್ತೆ ಮತ್ತೆ ಪರೀಕ್ಷಿಸಿ ಜುಲೈ ತಿಂಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ನಾಲ್ಕು ಪುಟಗಳ ಒಂದು ಪತ್ರವನ್ನು ಅಚ್ಚು ಹಾಕಿಸಿ ಯೂರೋಪಿನ ವಿದ್ವಾಂಸರಿಗೆಲ್ಲ ಕಳುಹಿಸಿದನು. ಅದರಿಂದ ಎದ್ದ ಅಲೆ ಇನ್ನೂ ಅಡಗಿಲ್ಲ.

ಸೂಜಿಯು ಕದಲಿದ್ದಕ್ಕಿಂತಲೂ ಅದು ಕದಲಿದ ರೀತಿಯೇ ಹೆಚ್ಚು ವಿಚಿತ್ರವಾದುದು. ತಂತಿಯನ್ನು ಸೂಜಿಯ ಮೇಲೆ ಅದಕ್ಕೆ ಸಮಾನಾಂತರವಾಗಿ ಹಿಡಿದು, ದಕ್ಷಿಣದಿಂದ ಉತ್ತರಕ್ಕೆ ಪ್ರವಾಹವನ್ನು ಹರಿಯಬಿಟ್ಟರೆ ಸೂಜಿಯ ಉತ್ತರಮುಖಿಯು ತಂತಿಯ ಕಡೆಗೂ ಬರುವುದಿಲ್ಲ, ತಂತಿಯಿಂದ ದೂರಕ್ಕೂ ಸರಿಯುವುದಿಲ್ಲ, ಪಶ್ಚಿಮಕ್ಕೆ ಹೊರಳುವುದು. ತಂತಿಯನ್ನು ಸೂಜಿಯ ಕೆಳಗಿಟ್ಟರೆ ಪೂರ್ವಕ್ಕೆ ಹೊರಳುವುದು. ನ್ಯೂಟನ್ನನ ಕಾಲದಿಂದ ತಿಳಿದಿದ್ದ ಬಲಗಳೆಲ್ಲವೂ ಎರಡು ವಸ್ತುಗಳನ್ನು ಕೂಡಿಸುವ ನೇರಗೆರೆಯಲ್ಲಿ ಎಳೆಯುವಂತಹವು ಅಥವಾ ದೂಡುವಂತಹವು. ಇಲ್ಲಿಯಾದರೋ ಬಲವು ತಂತಿಯನ್ನು ಸುತ್ತುಹಾಕುವುದು, ಗಾಣದ ಎತ್ತು ಗಾಣವನ್ನು ಸುತ್ತುವ ಹಾಗೆ. ಒಂದು ರಟ್ಟಿನ ನಡುವೆ ತಂತಿಯನ್ನು ತೂರಿಸಿ, ರಟ್ಟಿನ ಮೇಲೆ ಕಬ್ಬಿಣದ ಅರದ ಪುಡಿಯನ್ನು ಉದುರಿಸಿ ಬಲವಾದ ಪ್ರವಾಹವನ್ನು ಬಿಟ್ಟು ರಟ್ಟನ್ನು ಮೆಲ್ಲನೆ ತಟ್ಟಿದರೆ, ಪುಡಿಯು ನೀರಿಗೆ ಕಲ್ಲೆಸೆದಾಗ ಏಳುವ ಬಳೆಗಳಂತೆ ತಂತಿಯ ಸುತ್ತ ಉಂಗುರ ಉಂಗುರವಾಗಿ ನಿಲ್ಲುವುದು. ಬಲಗೈಯ ನಿಯಮವು ಈ ಉಂಗುರಗಳ ದಿಕ್ಕನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದಕ್ಕೆ ಒಂದು ಉಪಾಯ ಮಾತ್ರ: ಹೆಬ್ಬೆರಳು ಪ್ರವಾಹದ ದಿಕ್ಕು, ಮಡಿಸಿದ ಬೆರಳುಗಳು ಸುತ್ತುವ ದಿಕ್ಕು. ಉಂಗುರಗಳನ್ನು ಕಂಡವನಿಗೆ ಆ ನಿಯಮ ಹೊರೆಯಾಗದು. ಕಾಣದವನಿಗೆ ಅದು ಅರ್ಥವಿಲ್ಲದ ಮುದ್ರೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಸುದ್ದಿಯು ಪ್ಯಾರಿಸಿಗೆ ಮುಟ್ಟಿತು. ಕೆಲವು ದಿನಗಳಲ್ಲಿಯೇ ಆಂಪೇರನು, ಪ್ರವಾಹವಿರುವ ಎರಡು ತಂತಿಗಳು ನಡುವೆ ಯಾವ ಅಯಸ್ಕಾಂತವೂ ಇಲ್ಲದೆ ಒಂದನ್ನೊಂದು ಸೆಳೆಯುವುವೆಂದೂ, ಪ್ರವಾಹಗಳು ಎದುರುಬದುರಾದರೆ ದೂಡುವುವೆಂದೂ ತೋರಿಸಿದನು. ಹಾಗಾದರೆ ಅಯಸ್ಕಾಂತದ ಒಳಗೂ ಕಣ್ಣಿಗೆ ಕಾಣದ ಪುಟ್ಟ ಪ್ರವಾಹಗಳು ಸುತ್ತುತ್ತಿರಬಾರದೇಕೆ ಎಂಬುದು ಅವನ ಊಹೆ. ಕಣಾದನ ‘ಅದೃಷ್ಟ’ಕ್ಕೆ ದೊರೆತ ಮೊದಲ ಒಳ್ಳೆಯ ವ್ಯಾಖ್ಯಾನವಿದು. ಇಂದಿನ ವಿವರಣೆ ಇದಕ್ಕೆ ಬಹಳ ಹತ್ತಿರವಾದುದೇ: ಕಬ್ಬಿಣದ ಗುಣಕ್ಕೆ ಮುಖ್ಯ ಕಾರಣವು ಅದರ ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳ ಹುಟ್ಟುಗುಣವಾದ ಒಂದು ಬಗೆಯ ‘ಭ್ರಮಣೆ’. ಅದನ್ನು ಬುಗುರಿಯ ತಿರುಗುವಿಕೆಯೆಂದೇ ಭಾವಿಸಕೂಡದು. ಆದರೂ ಅಯಸ್ಕಾಂತತ್ವವು ವಿದ್ಯುತ್ತಿನಿಂದ ಬೇರೆಯಾದ ಒಂದು ತತ್ತ್ವವಲ್ಲವೆಂಬ ಆಂಪೇರನ ಮಾತು ನಿಂತಿರುವುದು.

ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಸುತ್ತು ಸುತ್ತಿನ ಬಲವೂ ಕೂಡಿಕೊಳ್ಳುವುದು. ನಡುವೆ ಮೆದು ಕಬ್ಬಿಣವನ್ನಿಟ್ಟರೆ ಅದು ನೂರಾರು ಪಾಲು ಹೆಚ್ಚುವುದು. ೧೮೨೫ರಲ್ಲಿ ಇಂಗ್ಲೆಂಡಿನ ಸ್ಟರ್ಜನ್ ಎಂಬಾತನು ಏಳು ಔನ್ಸು ತೂಕದ ಲಾಳಾಕಾರದ ಕಬ್ಬಿಣದಿಂದ ಒಂಬತ್ತು ಪೌಂಡು ಭಾರವನ್ನೆತ್ತಿಸಿದನು. ಆರು ವರ್ಷದೊಳಗೆ ಅಮೆರಿಕದ ಜೋಸೆಫ್ ಹೆನ್ರಿಯ ವಿದ್ಯುತ್ಕಾಂತವು ಎರಡು ಸಾವಿರ ಪೌಂಡಿಗೂ ಮೇಲೆ ಎತ್ತಿತು. ಕರೆಗಂಟೆ, ತಂತಿವರ್ತಮಾನ, ಮೋಟಾರು ಮೊದಲಾದುವೆಲ್ಲ ಈ ಸುರುಳಿಯ ಸಂತಾನವೇ. ಅವನ್ನು ಒಂದೊಂದಾಗಿ ವರ್ಣಿಸುತ್ತ ಕುಳಿತರೆ ಮುಖ್ಯವಾದ ವಿಷಯಕ್ಕೆ ಹೊತ್ತು ಸಾಲದು.

ಮುಖ್ಯವಾದ ವಿಷಯವೆಂದರೆ ಇದರ ತಿರುಗುಮುರುಗು. ವಿದ್ಯುತ್ತಿನಿಂದ ಅಯಸ್ಕಾಂತವಾಗುವುದಾದರೆ ಅಯಸ್ಕಾಂತದಿಂದ ವಿದ್ಯುತ್ತು ಏಕಾಗಬಾರದು? ಇದು ೧೮೨೦ರ ತರುವಾಯ ಎಲ್ಲರ ಬಾಯಲ್ಲಿಯೂ ಇದ್ದ ಪ್ರಶ್ನೆ. ಹನ್ನೊಂದು ವರ್ಷ ಅದಕ್ಕೆ ಉತ್ತರ ಸಿಕ್ಕಲಿಲ್ಲ. ಬಲವಾದ ಅಯಸ್ಕಾಂತವನ್ನು ಸುರುಳಿಯೊಳಗಿಟ್ಟು ಕಾದು ಕುಳಿತರು. ತಂತಿಯಲ್ಲಿ ಪ್ರವಾಹದ ಸುಳಿವೇ ಕಾಣಲಿಲ್ಲ. ಜಿನೀವದ ಕೊಲ್ಲಡಾನ್ ಎಂಬ ಯುವಕನ ಕಥೆ ಈ ಶಾಸ್ತ್ರದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತಲೂ ಮನಮುಟ್ಟುವಂತಹುದು. ೧೮೨೫ರಲ್ಲಿ ಅವನು ಒಂದು ದೊಡ್ಡ ಸುರುಳಿಯನ್ನು ಮಾಡಿ, ಪ್ರವಾಹವನ್ನು ತೋರಿಸುವ ಗ್ಯಾಲ್ವನಾಮೀಟರನ್ನು ಅದಕ್ಕೆ ಜೋಡಿಸಿದನು. ತನ್ನ ಅಯಸ್ಕಾಂತವು ಮೀಟರಿನ ಸೂಜಿಯನ್ನು ನೇರವಾಗಿ ಎಳೆದು ಮೋಸಗೊಳಿಸೀತೆಂಬ ಎಚ್ಚರಿಕೆಯಿಂದ ಮೀಟರನ್ನು ಬೇರೊಂದು ಕೊಠಡಿಯಲ್ಲಿಟ್ಟು ಉದ್ದವಾದ ತಂತಿಗಳಿಂದ ಸೇರಿಸಿದನು. ಅಯಸ್ಕಾಂತವನ್ನು ಸುರುಳಿಯೊಳಗೆ ತಳ್ಳಿದನು. ಎದ್ದು ಪಕ್ಕದ ಕೊಠಡಿಗೆ ನಡೆದುಹೋಗಿ ನೋಡಿದನು. ಸೂಜಿಯು ತನ್ನ ಸ್ಥಾನದಲ್ಲಿ ನಿಶ್ಚಲವಾಗಿತ್ತು.

ಅವನು ನಡೆಯುತ್ತಿದ್ದಾಗಲೇ, ಬಾಗಿಲನ್ನು ಮುಟ್ಟುವ ಮೊದಲೇ, ಸೂಜಿಯು ಹೊರಳಿ ಮತ್ತೆ ಸ್ವಸ್ಥಾನಕ್ಕೆ ಬಂದುಬಿಟ್ಟಿತ್ತು. ಆ ಕೊಠಡಿಯಲ್ಲಿ ಒಬ್ಬ ಸಹಾಯಕನನ್ನು ನಿಲ್ಲಿಸಿದ್ದರೆ ಸಾಕಾಗಿತ್ತು! ಆದರೆ ಅವನ ಮನಸ್ಸಿನಲ್ಲಿದ್ದುದು ಎಲ್ಲರ ಮನಸ್ಸಿನಲ್ಲಿಯೂ ಇದ್ದ ಭಾವನೆಯೇ: ಅಯಸ್ಕಾಂತವು ಅಲ್ಲಿ ಇರುವವರೆಗೂ ಪ್ರವಾಹವು ಇರತಕ್ಕದ್ದು. ಪ್ರವಾಹವು ಅಯಸ್ಕಾಂತದ ಇರವಿನಿಂದ ಹುಟ್ಟುವುದಲ್ಲ, ಅದರ ಬರವಿನಿಂದ ಮತ್ತು ಹೋಗಿನಿಂದ ಹುಟ್ಟುವುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಅದನ್ನು ಕಂಡವನು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ; ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಅಲ್ಲಿಗೆ ಬಂದ ಪುಸ್ತಕಗಳನ್ನು ಓದಿ ಶಾಸ್ತ್ರಜ್ಞನಾದವನು; ಗಣಿತವನ್ನು ಬಲ್ಲವನಲ್ಲ. ೧೮೩೧ನೆಯ ಆಗಸ್ಟ್ ೨೯ರಂದು ಅವನು ಒಂದು ಕಬ್ಬಿಣದ ಬಳೆಯ ಒಂದು ಪಕ್ಕಕ್ಕೆ ಒಂದು ಸುರುಳಿಯನ್ನೂ ಎದುರು ಪಕ್ಕಕ್ಕೆ ಮತ್ತೊಂದನ್ನೂ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದನು. ಜೋಡಿಸಿದ ಕ್ಷಣದಲ್ಲಿ ಎರಡನೆಯ ಸುರುಳಿಯ ಬಳಿಯಿದ್ದ ಸೂಜಿಯು ನಡುಗಿ ನಿಂತಿತು. ಬ್ಯಾಟರಿಯು ಹಾಗೆಯೇ ಇರುವಷ್ಟು ಹೊತ್ತೂ ಅಲುಗಲಿಲ್ಲ. ಬಿಡಿಸಿದ ಕ್ಷಣದಲ್ಲಿ ಮತ್ತೊಮ್ಮೆ, ಎದುರು ದಿಕ್ಕಿಗೆ, ನಡುಗಿತು. ಅಕ್ಟೋಬರ್ ೧೭ರಂದು ಬರಿಯ ಅಯಸ್ಕಾಂತದ ಸಲಾಕೆಯನ್ನು ಸುರುಳಿಯೊಳಕ್ಕೆ ನುಗ್ಗಿಸಿ ಹೊರಕ್ಕೆಳೆದು ಅದೇ ಫಲವನ್ನು ಪಡೆದನು. ಅದೇ ತಿಂಗಳು ೨೮ರಂದು ದೊಡ್ಡದೊಂದು ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸುತ್ತ, ನಿಲ್ಲದೆ ಹರಿಯುವ ಪ್ರವಾಹವನ್ನು ತೆಗೆದನು. ಲೋಕದ ಮೊದಲನೆಯ ಡೈನಮೊ ಅದೇ. ತಿರುಗಿಸಿದ್ದು ಮನುಷ್ಯನ ಕೈ.

ಕೈಯೆಂಬ ಮಾತು ಇಲ್ಲಿ ಮುಖ್ಯ. ಅಯಸ್ಕಾಂತವು ತನ್ನ ಬಲವನ್ನು ಕಳೆದುಕೊಳ್ಳದೆ ಎಷ್ಟು ಕಾಲವಾದರೂ ಇರುವುದಲ್ಲ, ಹಾಗಾದರೆ ಅದರಿಂದ ಬಿಟ್ಟಿಯಾಗಿ ವಿದ್ಯುತ್ತನ್ನು ಪಡೆಯಬಹುದಲ್ಲವೆ ಎಂದು ಕೇಳುವವರು ಇಂದಿಗೂ ಉಂಟು. ಅಯಸ್ಕಾಂತಗಳನ್ನು ಉಪಾಯವಾಗಿ ಜೋಡಿಸಿದರೆ ತನ್ನಷ್ಟಕ್ಕೆ ತಾನೇ ಸದಾ ತಿರುಗುವ ಚಕ್ರವಾಗುವುದೆಂದು ಹೇಳಿ ಹಣ ಕೇಳುವವರೂ ಉಂಟು. ಅಂಥವರಿಗೆ ೧೮೩೪ರಲ್ಲಿಯೇ ರಷ್ಯದ ಲೆಂಟ್ಸ್ ಎಂಬ ವಿದ್ವಾಂಸನು ಉತ್ತರ ಕೊಟ್ಟಿರುವನು. ಹುಟ್ಟಿದ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುವುದು. ಅಯಸ್ಕಾಂತವನ್ನು ಸುರುಳಿಯೊಳಕ್ಕೆ ತಳ್ಳಿದರೆ ಸುರುಳಿಯು ತಾನೂ ಅಯಸ್ಕಾಂತವಾಗಿ ಅದನ್ನು ಹೊರಕ್ಕೆ ನೂಕುವುದು, ಹೊರಕ್ಕೆಳೆದರೆ ಹಿಡಿದುಕೊಳ್ಳುವುದು. ಎರಡು ಕಡೆಯಲ್ಲಿಯೂ ನಾವು ಅದರ ವಿರುದ್ಧ ದುಡಿಯಬೇಕು. ಆ ದುಡಿಮೆಯೇ ವಿದ್ಯುತ್ತಾಗಿ ಬರುವುದು. ಅಯಸ್ಕಾಂತವು ಬರಿಯ ಮಧ್ಯವರ್ತಿ.

ಇದನ್ನು ನಂಬದವರು ಒಂದು ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು, ಅದರೊಳಗೆ ಸಣ್ಣದೊಂದು ಬಲವಾದ ಅಯಸ್ಕಾಂತವನ್ನು ಬಿಟ್ಟು ನೋಡಬೇಕು. ತಾಮ್ರವನ್ನು ಅಯಸ್ಕಾಂತವು ಸೆಳೆಯುವುದಿಲ್ಲ. ಆದರೂ ಕಲ್ಲಾದರೆ ಕಣ್ಣುಮುಚ್ಚುವುದರೊಳಗೆ ಬೀಳುವ ಕೊಳವೆಯಲ್ಲಿ ಅಯಸ್ಕಾಂತವು ಜೇನಿನಲ್ಲಿ ಮುಳುಗುವ ಗೋಲಿಯಂತೆ ನಿಧಾನವಾಗಿ ಇಳಿಯುವುದು. ಬೀಳುತ್ತಿರುವ ಅಯಸ್ಕಾಂತದಿಂದ ಕೊಳವೆಯಲ್ಲಿ ಹುಟ್ಟಿದ ಸುಳಿಪ್ರವಾಹಗಳು ಅದನ್ನು ತಡೆಯುವುವು. ಪೂರ್ತಿಯಾಗಿ ನಿಲ್ಲಿಸಲಾರವು, ನಿಂತರೆ ಚಲನೆಯಿಲ್ಲ, ಚಲನೆಯಿಲ್ಲದಿದ್ದರೆ ಪ್ರವಾಹವೂ ಇಲ್ಲ. ಸೈಕಲ್ಲಿನ ಚಕ್ರಕ್ಕೆ ಒತ್ತಿಕೊಂಡು ತಿರುಗುವ ಡೈನಮೊ ಇಟ್ಟುಕೊಂಡಿದ್ದವರಿಗೆ ಈ ಅನುಭವ ಇನ್ನೊಂದು ರೀತಿಯಲ್ಲಿ ಆಗಿರುವುದು. ಡೈನಮೊವನ್ನು ಚಕ್ರಕ್ಕೆ ಒತ್ತಿಸಿ, ಬಲ್ಬನ್ನು ಕಳಚಿ ತುಳಿದರೆ ಕಾಲಿಗೆ ಉಜ್ಜಾಟದ ಭಾರವಷ್ಟೇ. ಬಲ್ಬನ್ನು ಸೇರಿಸಿದೊಡನೆ ಕಾಲಿಗೆ ಮತ್ತಷ್ಟು ಭಾರವಾಗುವುದು. ದೀಪವನ್ನು ಉರಿಸುತ್ತಿರುವುದು ಕಾಲು.

ಈ ಸಂಬಂಧವು ಎಷ್ಟು ದೂರ ಚಾಚಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯುಂಟು. ಮೈಸೂರು ಸಂಸ್ಥಾನದ ಸರ್ಕಾರವು ಶಿವಸಮುದ್ರದಲ್ಲಿ ಕಾವೇರಿಯ ನೀರನ್ನು ಸುಮಾರು ನಾನೂರು ಅಡಿ ಕೆಳಕ್ಕೆ ಧುಮುಕಿಸಿ, ಅಲ್ಲಿಂದ ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ರಲ್ಲಿ ವಿದ್ಯುತ್ತನ್ನು ಒದಗಿಸಿತು. ೧೯೦೫ರಲ್ಲಿ ಬೆಂಗಳೂರಿಗೂ ೧೯೦೮ರಲ್ಲಿ ಮೈಸೂರಿಗೂ ಅಲ್ಲಿಂದಲೇ ದೀಪ ಬಂದಿತು. ಕೋಲಾರದಲ್ಲಿ ಅದಿರನ್ನು ಕುಟ್ಟುವ ಯಂತ್ರವೊಂದನ್ನು ಆರಂಭಿಸಿದರೆಂದಿಟ್ಟುಕೊಳ್ಳಿ. ತಂತಿಯಲ್ಲಿ ಪ್ರವಾಹವು ಹೆಚ್ಚಿತು. ಎಂದರೆ ಶಿವಸಮುದ್ರದ ಡೈನಮೊವಿನ ಸುರುಳಿಗಳಲ್ಲಿಯೂ ಹೆಚ್ಚಿತು. ಹೆಚ್ಚಿದ ಪ್ರವಾಹವು ತಿರುಗುತ್ತಿದ್ದ ಚಕ್ರವನ್ನು ಹಿಂದಕ್ಕೆಳೆಯಿತು. ಚಕ್ರವು ಕಾಣದಷ್ಟು ನಿಧಾನವಾಯಿತು. ಅದನ್ನು ಅರಿತ ವೇಗನಿಯಂತ್ರಕವು ನೀರಿನ ಬಾಗಿಲನ್ನು ಇನ್ನೊಂದಿಷ್ಟು ತೆರೆಯಿತು. ಕೋಲಾರದ ಒಂದು ಗುಂಡಿಯನ್ನು ಒತ್ತಿದ್ದು ಕಾವೇರಿಗೆ ತಿಳಿಯಿತು. ಕೋಲಾರದ ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು. ಆದರೆ ಇಂದು ತಾವು ಮನೆಯಲ್ಲಿ ಒಂದು ದೀಪವನ್ನು ಹಚ್ಚಿದರೂ ಜಾಲದಲ್ಲಿ ಕೂಡಿಕೊಂಡಿರುವ ತಿರುಗುಚಕ್ರಗಳ ಮೇಲೆ ಕಿಂಚಿತ್ತಾದರೂ ಭಾರ ಬಿದ್ದೇ ಬೀಳುವುದು.

ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದಕ್ಕೆ ಸಾಧ್ಯವಾದದ್ದೂ ಫ್ಯಾರಡೆಯ ಆ ಕಬ್ಬಿಣದ ಬಳೆಯಿಂದಲೇ. ತಂತಿಯಲ್ಲಿ ಪ್ರವಾಹವು ಹರಿದರೆ ತಂತಿಯು ಕಾಯುವುದು. ಆ ಬಿಸಿ ನಷ್ಟ. ಪ್ರವಾಹವು ಹತ್ತರಲ್ಲೊಂದು ಪಾಲಾದರೆ ನಷ್ಟವು ನೂರರಲ್ಲೊಂದು ಪಾಲಾಗುವುದು. ಆದುದರಿಂದ ಒತ್ತಡವನ್ನು, ಎಂದರೆ ವೋಲ್ಟುಗಳನ್ನು, ಹತ್ತುಪಾಲು ಹೆಚ್ಚಿಸಿ ಪ್ರವಾಹವನ್ನು ಹತ್ತುಪಾಲು ತಗ್ಗಿಸಿದರೆ ಅದೇ ಶಕ್ತಿಯನ್ನು ಅಗ್ಗವಾಗಿ ಕಳುಹಿಸಬಹುದು. ಕಬ್ಬಿಣದ ಚೌಕಟ್ಟಿನ ಒಂದು ಪಕ್ಕಕ್ಕೆ ಕಡಮೆ ಸುತ್ತು, ಇನ್ನೊಂದು ಪಕ್ಕಕ್ಕೆ ಹೆಚ್ಚು ಸುತ್ತು ಹಾಕಿದರೆ ಟ್ರಾನ್ಸ್‌ಫಾರ್ಮರ್ ಆಯಿತು. ಕೋಲಾರದ ತಂತಿಯ ಒತ್ತಡವನ್ನು ಸುಮಾರು ೩೫,೦೦೦ ವೋಲ್ಟುಗಳಿಗೆ ಏರಿಸಿದ್ದು ಹೀಗೆ. ಆದರೆ ಬ್ಯಾಟರಿಯ ಸ್ಥಿರವಾದ ಪ್ರವಾಹದಿಂದ ಇದು ನಡೆಯದು. ಕೊಲ್ಲಡಾನನು ಕಾಣದೆಹೋದ ತತ್ತ್ವವೇ ಇಲ್ಲಿಯೂ ಅಡ್ಡ ನಿಲ್ಲುವುದು: ಮೊದಲ ಸುರುಳಿಯಲ್ಲಿ ಬದಲಾವಣೆಯಿಲ್ಲದಿದ್ದರೆ ಎರಡನೆಯದರಲ್ಲಿ ಏನೂ ಇಲ್ಲ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ ೫೦ ಆವೃತ್ತಿ ಹಿಂದಕ್ಕೂ ಮುಂದಕ್ಕೂ ಹೊಯ್ದಾಡುವ ಪರ್ಯಾಯಪ್ರವಾಹವಾಗಿರುವುದಕ್ಕೆ ಇದು ದೊಡ್ಡ ಕಾರಣ.

ಇದನ್ನೆಲ್ಲ ಹುಡುಗರಿಗೆ ಕಲಿಸುವುದಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಒಂದು ಸಣ್ಣ ದಿಕ್ಸೂಚಿ, ಹತ್ತು ಗಜ ಎನಾಮಲ್ ಹೊದಿಸಿದ ತಾಮ್ರದ ತಂತಿ, ಒಂದು ಟಾರ್ಚಿನ ಸೆಲ್ಲು, ಒಂದು ಕಬ್ಬಿಣದ ಮೊಳೆ, ಒಂದು ಅಯಸ್ಕಾಂತ: ಇಷ್ಟಿದ್ದರೆ ಅರ್‌ಸ್ಟೆಡನಿಂದ ಫ್ಯಾರಡೆಯವರೆಗೆ ಬರಬಹುದು. ತಂತಿಯ ತುದಿಗಳಲ್ಲಿ ಎನಾಮಲನ್ನು ಕೆರೆದು ತೆಗೆಯಬೇಕು; ಇದನ್ನು ಮರೆತು, ಪ್ರಯೋಗವೇ ಸುಳ್ಳೆಂದು ಕೈಬಿಟ್ಟವರು ಬಹು ಮಂದಿ. ದಿಕ್ಸೂಚಿಗೆ ಇಪ್ಪತ್ತು ಸುತ್ತು ತಂತಿಯನ್ನು ಸುತ್ತಿದರೆ ಅದೇ ಗ್ಯಾಲ್ವನಾಮೀಟರು. ಅದರಿಂದ ಎರಡು ಗಜ ದೂರದಲ್ಲಿ ನೂರು ಸುತ್ತಿನ ಸುರುಳಿಯನ್ನಿಟ್ಟು, ಒಬ್ಬ ಹುಡುಗನು ಅಯಸ್ಕಾಂತವನ್ನು ಅದರೊಳಗೆ ಬೇಗ ಬೇಗ ಆಡಿಸಲಿ, ಮತ್ತೊಬ್ಬನು ಸೂಜಿಯನ್ನೇ ನೋಡುತ್ತಿರಲಿ. ಸೆಲ್ಲಿಗೆ ಸುರುಳಿಯನ್ನು ಹೆಚ್ಚು ಹೊತ್ತು ಜೋಡಿಸಿಡಬಾರದು, ಕೈ ಸುಡುವಷ್ಟು ಕಾಯುವುದು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಇಂತಹ ಆಟಕ್ಕೆ ಎಂದೆಂದಿಗೂ ಮುಟ್ಟಕೂಡದು, ಅದು ಪ್ರಾಣಾಪಾಯ. ಈ ಎರಡು ಎಚ್ಚರಿಕೆಗಳನ್ನು ಹೇಳಿಕೊಟ್ಟು ಮಕ್ಕಳ ಕೈಗೆ ತಂತಿಯನ್ನು ಕೊಟ್ಟುಬಿಡುವ ಉಪಾಧ್ಯಾಯರು, ಕೈನಿಯಮಗಳನ್ನು ಹತ್ತು ಸಾರಿ ಬರೆಯಿಸುವವರಿಗಿಂತ ಹೆಚ್ಚು ಕಲಿಸುವರು.

ತಾವು ಈ ಮಾತುಗಳನ್ನು ಕೇಳುತ್ತಿರುವ ರೇಡಿಯೋ ಪೆಟ್ಟಿಗೆಯ ಒಳಗೂ ಒಂದು ಅಯಸ್ಕಾಂತವಿದೆ. ಅದರ ಧ್ರುವಗಳ ನಡುವಣ ಕಿರಿದಾದ ಸಂದಿಯಲ್ಲಿ ಹಗುರವಾದೊಂದು ಸುರುಳಿಯು ಕಾಗದದ ಶಂಕುವಿಗೆ ಅಂಟಿಕೊಂಡು ತೂಗುತ್ತಿರುವುದು. ಸುರುಳಿಯಲ್ಲಿ ಪ್ರವಾಹವು ಏರಿಳಿದಂತೆಲ್ಲ ಶಂಕುವು ಮುಂದಕ್ಕೂ ಹಿಂದಕ್ಕೂ ಅದುರಿ ಗಾಳಿಯನ್ನು ತಳ್ಳುವುದು. ಕಿವಿಗೆ ಅದೇ ಮಾತು. ಇದು ಆಂಪೇರನ ಭಾಗ. ಮಾತನಾಡುವವನ ಮುಂದಿರುವ ಧ್ವನಿಗ್ರಾಹಕಗಳಲ್ಲಿ ಒಂದು ಬಗೆಯವು ಇದರ ತಿರುಗುಮುರುಗು: ಮಾತಿನಿಂದ ಅದುರುವ ಗಾಳಿಯು ಪೊರೆಯನ್ನು ಅದುರಿಸುವುದು, ಪೊರೆಗೆ ಅಂಟಿದ ಸುರುಳಿಯು ಅಯಸ್ಕಾಂತದ ಎಡೆಯಲ್ಲಿ ಆಡುವುದು, ತಂತಿಯಲ್ಲಿ ಪ್ರವಾಹವು ಹುಟ್ಟುವುದು. ಇದು ಫ್ಯಾರಡೆಯ ಭಾಗ. ಮೌನವಾಗಿದ್ದರೆ ಎರಡು ಕಡೆಯಲ್ಲಿಯೂ ಸುರುಳಿಯು ನಿಶ್ಚಲ.

ಈ ಎರಡು ಸುರುಳಿಗಳ ನಡುವೆ ತಂತಿಯೇ ಇಲ್ಲದಿರುವಾಗ ಸುದ್ದಿಯು ಹೇಗೆ ದಾಟುವುದೆಂದು ತಾವು ಕೇಳಬಹುದು. ೧೮೬೫ರಲ್ಲಿ ಮ್ಯಾಕ್ಸ್‌ವೆಲ್ಲನು ಲೆಕ್ಕದಿಂದ ಕಂಡು, ೧೮೮೮ರ ವೇಳೆಗೆ ಹರ್ಟ್ಸನು ಪ್ರಯೋಗದಿಂದ ತೋರಿಸಿದ ಅಲೆಗಳ ಕಥೆ ಅದು; ಅದಕ್ಕೆ ಬೇರೊಂದು ದಿನ ಬೇಕು.